ಆರು ತಿಂಗಳು ತುಂಬುವ ಮುಂಚೆ

ಜರ್ಮನಿಗೆ ಬಂದ ಹೊಸದರಲ್ಲಿ ನಾವು ಕಲಿಯುವ ಜರ್ಮನ್ ಪದಗಳಿಗೆ ಒಂದು ಕ್ರಮ ಇದೆ. ಮೊದಲು ಬರೋದು ‘ಆನ್‌ಮೆಲ್ಡುಂಗ್’, ಅಂದರೆ ಮನೆ ವಿಳಾಸದ ನೋಂದಣಿ. ಆಮೇಲೆ ‘ಟೆರ್ಮೀನ್’, ಅಂದರೆ ಅಪಾಯಿಂಟ್‌ಮೆಂಟ್. ಇದಿಲ್ಲದೆ ಇಲ್ಲಿ ಯಾವ ಕಚೇರಿಯ ಬಾಗಿಲೂ ತೆರೆಯಲ್ಲ. ಮೂರನೆಯದು ‘ಫಾಂಡ್’, ಖಾಲಿ ಬಾಟಲಿ ವಾಪಸ್ ಕೊಟ್ಟರೆ ಸಿಗುವ 25 ಸೆಂಟ್. ಎರಡನೇ ಸೆಮಿಸ್ಟರ್ ಹೊತ್ತಿಗೆ ‘ವೆರ್ಕ್‌ಷ್ಟುಡೆಂಟ್’ ಬರುತ್ತದೆ, ಅಂದರೆ ಓದುತ್ತಲೇ ವಾರಕ್ಕೆ 20 ಗಂಟೆ ಕಂಪನಿಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿ. ‘ಕ್ಯುಂಡಿಗುಂಗ್’ ಅನ್ನೋ ಪದ ಮಾತ್ರ ನಮಗೆ ಜಿಮ್ ಬಿಡುವಾಗ, ಮೊಬೈಲ್ ಸಿಮ್ ಬದಲಾಯಿಸುವಾಗ ಪರಿಚಯ ಆಗುತ್ತೆ. ಒಪ್ಪಂದ ಮುರಿಯಲು ನಾವೇ ಬರೆದು ಕಳಿಸುವ ಪತ್ರದ ಹೆಸರು ಅದು. ಕಂಪನಿ ನೌಕರರಿಗೆ ಕೊಡುವ ಪತ್ರಕ್ಕೂ ಅದೇ ಹೆಸರು. ಅಂಥ ಒಂದು ಪತ್ರವನ್ನು ನಾವು ಕೈಯಲ್ಲಿ ಹಿಡಿದು ಓದಿದ್ದು ಕಳೆದ ಚಳಿಗಾಲದಲ್ಲಿ.

ನಾವು ಅಂದರೆ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಒಂದೇ ಅಡುಗೆಮನೆ ಹಂಚಿಕೊಂಡಿರುವ ಐದು ಜನ. ಒಬ್ಬೊಬ್ಬರದು ಒಂದೊಂದು ಊರು: ತುಮಕೂರು, ಶಿವಮೊಗ್ಗ, ಹುಬ್ಬಳ್ಳಿ, ಮಂಡ್ಯ, ಪುತ್ತೂರು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನೋದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಉಳಿದ ಲೆಕ್ಕ ಮಾತ್ರ ಎಲ್ಲರದೂ ಒಂದೇ. ಊರಲ್ಲಿ ಬಿ.ಇ., ಬ್ಯಾಂಕಿನಿಂದ ಎಜುಕೇಶನ್ ಲೋನ್, ಇಲ್ಲಿ ಎರಡು ವರ್ಷದ ಮಾಸ್ಟರ್ಸ್, ಆಮೇಲೆ ಕೆಲಸ, ಆಮೇಲೆ ಸಾಲ ತೀರಿಸೋದು, ಆಮೇಲೆ ಮಿಕ್ಕಿದ್ದು. ಇಡೀ ಲೆಕ್ಕ ‘ಕೆಲಸ’ ಅನ್ನೋ ಒಂದೇ ಕಂಬದ ಮೇಲೆ ನಿಂತಿದೆ.

ನಮಗಿಂತ ಎರಡು ವರ್ಷ ಮುಂಚೆ ಬಂದ ದಾವಣಗೆರೆಯ ಸೀನಿಯರ್ ಒಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯೋದು. ಕರಿಬೇವು ಯಾವ ಅಂಗಡಿಯಲ್ಲಿ ಸಿಗುತ್ತೆ, ಯಾವ ಪ್ರೊಫೆಸರ್ ಪರೀಕ್ಷೆಯಲ್ಲಿ ಹಳೇ ಪ್ರಶ್ನೆ ಕೇಳ್ತಾರೆ, ಚಳಿಗಾಲದ ಶೂ ಎಲ್ಲಿ ತಗೋಬೇಕು, ಎಲ್ಲಾ ಹೇಳಿಕೊಟ್ಟವರು ಅವರೇ. ಮಾಸ್ಟರ್ಸ್ ಮುಗಿಸಿ, 2024ರ ಸೆಪ್ಟೆಂಬರ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಗೆ ಎಂಜಿನಿಯರ್ ಆಗಿ ಸೇರಿದ್ದರು. ಬ್ಲೂ ಕಾರ್ಡ್ ಕೈಗೆ ಬಂದ ದಿನ ನಮ್ಮ ಅಡುಗೆಮನೆಯಲ್ಲಿ ಕೇಸರಿಬಾತ್ ಆಗಿತ್ತು. ಜನವರಿ ಕೊನೆಯಲ್ಲಿ ಒಂದು ಸಂಜೆ ಬಂದರು. “ಅಕ್ಕಾ, ಊಟ ಆಯ್ತಾ?” ಅಂದರೆ, “ಊಟ ಇರ್ಲಿ, ಇದನ್ನ ಸ್ವಲ್ಪ ಓದ್ರೋ. ನಾನು ಅರ್ಥ ಮಾಡ್ಕೊಂಡಿದ್ದು ಸರಿ ಇದೆಯಾ ನೋಡಿ” ಅಂತ ಒಂದು ಹಾಳೆ ಮೇಜಿನ ಮೇಲಿಟ್ಟರು.

ನಾಲ್ಕೇ ಸಾಲು. ಇಂತಿಂಥ ದಿನಾಂಕದ ಒಪ್ಪಂದವನ್ನು ಪ್ರೊಬೇಷನ್ ಅವಧಿಯೊಳಗೆ ಎರಡು ವಾರದ ನೋಟಿಸ್ ಕೊಟ್ಟು ಕೊನೆಗೊಳಿಸುತ್ತಿದ್ದೇವೆ, ನಿಮ್ಮ ಮುಂದಿನ ಹಾದಿಗೆ ಶುಭವಾಗಲಿ. ಕಾರಣ ಇರಲಿಲ್ಲ. ಕೆಲಸ ಚೆನ್ನಾಗಿಲ್ಲ ಅಂತಲೂ ಇಲ್ಲ, ಆರ್ಡರ್ ಕಡಿಮೆ ಆಗಿದೆ ಅಂತಲೂ ಇಲ್ಲ. ಪ್ರೊಬೇಷನ್‌ನಲ್ಲಿ ಕಾರಣ ಕೊಡಲೇಬೇಕೆಂಬ ನಿಯಮವೇ ಇಲ್ಲ ಅಂತ ಆ ರಾತ್ರಿ ಹುಡುಕಿದಾಗ ಗೊತ್ತಾಯಿತು. ಮುಂದಿನ ಹನ್ನೆರಡು ವಾರ ಅಕ್ಕನ ಜೊತೆ ನಾವೂ ಈ ದೇಶದ ಕಾರ್ಮಿಕ ಕಾನೂನು ಓದಿದೆವು. ಥರ್ಮೋಡೈನಾಮಿಕ್ಸ್‌ಗಿಂತ ಹೆಚ್ಚು ಶ್ರದ್ಧೆಯಿಂದ ಓದಿದೆವು ಅಂದರೂ ತಪ್ಪಿಲ್ಲ. ಆಗ ತಿಳಿದದ್ದನ್ನು ನಮ್ಮ ಹಿಂದೆ ಬರುವವರಿಗೆ ಹೇಳಬೇಕು ಅಂತಲೇ ಈ ಬರಹ.

ಮೊದಲು ಒಳ್ಳೆಯದನ್ನೇ ಹೇಳ್ತೀವಿ, ಯಾಕೆಂದರೆ ಒಳ್ಳೆಯದು ಬಹಳ ಇದೆ. ಜರ್ಮನಿಯಲ್ಲಿ ಇಮೇಲ್ ಕಳಿಸಿ, ವಾಟ್ಸಾಪ್ ಮಾಡಿ, ಬಾಯಲ್ಲಿ ಹೇಳಿ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ. ಕಾಗದದ ಮೇಲೆ, ಪೆನ್ನಿನಲ್ಲಿ ಹಾಕಿದ ಸಹಿಯೊಂದಿಗೆ ಪತ್ರ ಕೈಗೆ ಬರಬೇಕು, ಇಲ್ಲದಿದ್ದರೆ ಅದು ಊರ್ಜಿತವೇ ಅಲ್ಲ. ಕಂಪನಿಯಲ್ಲಿ ನೌಕರರೇ ಆರಿಸಿದ ಮಂಡಳಿ ಇದ್ದರೆ, ಪ್ರತಿಯೊಂದು ವಜಾಕ್ಕೂ ಮುಂಚೆ ಅದರ ಅಭಿಪ್ರಾಯ ಕೇಳಲೇಬೇಕು. ಗರ್ಭಿಣಿಯರಿಗೆ ಪ್ರೊಬೇಷನ್‌ನಲ್ಲೂ ವಿಶೇಷ ರಕ್ಷಣೆ ಇದೆ. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ, ಆರು ತಿಂಗಳು ತುಂಬಿದ ಮೇಲೆ, ಕಾನೂನು ಒಪ್ಪುವ ಕಾರಣ ಇಲ್ಲದೆ ತೆಗೆಯುವಂತಿಲ್ಲ. ತೆಗೆದರೆ ಪತ್ರ ಕೈಗೆ ಬಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು, ಮೊದಲ ಹಂತದಲ್ಲಿ ವಕೀಲರು ಬೇಕೇ ಬೇಕು ಅಂತಿಲ್ಲ. ಕೆಲಸ ಹೋದವರಿಗೆ ನಿರುದ್ಯೋಗ ವಿಮೆಯಿಂದ ಹಿಂದಿನ ನಿವ್ವಳ ಸಂಬಳದ ಸುಮಾರು 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ ಸಿಗುತ್ತದೆ. ಈ ವಿಮೆಗೆ ಸಂಬಳದ 2.6 ಶೇಕಡಾ ಕಟ್ಟಬೇಕು, ಅದರಲ್ಲಿ ಅರ್ಧ ನೌಕರರದು, ಅರ್ಧ ಕಂಪನಿಯದು. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಈ ನಿಯಮಗಳು ಕೇಳುವುದಿಲ್ಲ.

ಹಾಗಿದ್ದ ಮೇಲೆ ತೊಂದರೆ ಎಲ್ಲಿ? ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ.

ಅಕ್ಕನಿಗೆ ಆಗಿದ್ದು ಐದು ತಿಂಗಳು. ವಜಾದಿಂದ ರಕ್ಷಣೆ ಕೊಡುವ ಕಾನೂನು ಶುರುವಾಗೋದು ಆರು ತಿಂಗಳ ಮೇಲೆ. ನಿರುದ್ಯೋಗ ಭತ್ಯೆ ಸಿಗಬೇಕಾದರೆ ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು. “ಅಕ್ಕಾ, ನೀವು ಓದುವಾಗಲೇ ಎರಡು ವರ್ಷ ವೆರ್ಕ್‌ಷ್ಟುಡೆಂಟ್ ಆಗಿದ್ರಲ್ಲ, ಅದು ಸೇರುತ್ತಲ್ಲ?” ಅಂತ ಕೇಳಿದೆವು. ಹಳೇ ಪೇ ಸ್ಲಿಪ್‌ಗಳನ್ನೆಲ್ಲ ಹಾಸಿಗೆ ಮೇಲೆ ಹರಡಿ ನೋಡಿದರೆ, ಪಿಂಚಣಿ ವಿಮೆಗೆ ಹಣ ಕಡಿತ ಆಗಿದೆ, ನಿರುದ್ಯೋಗ ವಿಮೆಯ ಸಾಲಿನಲ್ಲಿ ಮಾತ್ರ ಸೊನ್ನೆ. ವೆರ್ಕ್‌ಷ್ಟುಡೆಂಟ್‌ಗಳಿಗೆ ಆ ವಿಮೆಯಿಂದ ವಿನಾಯಿತಿ ಇದೆ. ವಿನಾಯಿತಿ ಅಂದರೆ ಕೇಳಲು ಚೆನ್ನಾಗಿರುತ್ತೆ, ತಿಂಗಳಿಗೆ ಒಂದಿಷ್ಟು ಯೂರೊ ಉಳಿಯುತ್ತೆ. ಆದರೆ ಎರಡು ವರ್ಷ ದುಡಿದ ದುಡಿಮೆ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಹಾಗೆ ಆಗುತ್ತೆ. ಅಕ್ಕನ ಖಾತೆಯಲ್ಲಿದ್ದದ್ದು ಐದೂವರೆ ತಿಂಗಳ ವಿಮೆ ಅಷ್ಟೇ. ಭತ್ಯೆ ಇಲ್ಲ. ಅದರ ಮೇಲೆ ಆರೋಗ್ಯ ವಿಮೆಯನ್ನು ಈಗ ಪೂರ್ತಿ ತಾವೇ ಕಟ್ಟಬೇಕು, ಅದು ತಿಂಗಳಿಗೆ 200 ಯೂರೊ ದಾಟುತ್ತದೆ. ಮನೆ ಬಾಡಿಗೆ ಬೇರೆ. ದಾವಣಗೆರೆಯ ಬ್ಯಾಂಕಿನ ಇಎಂಐ ಬೇರೆ, ಅದಕ್ಕೆ ಪ್ರೊಬೇಷನ್ ಗಿಬೇಷನ್ ಗೊತ್ತಿಲ್ಲ.

ಇಷ್ಟು ಹಣದ ಮಾತು. ಇದು ಇಲ್ಲಿ ಹುಟ್ಟಿ ಬೆಳೆದ ಹುಡುಗನಿಗೂ ಐದನೇ ತಿಂಗಳಲ್ಲಿ ಕೆಲಸ ಹೋದರೆ ಹೀಗೇ. ಅವನು ಅಪ್ಪ ಅಮ್ಮನ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು, ನಿಧಾನವಾಗಿ ಬೇರೆ ಕೆಲಸ ಹುಡುಕಬಹುದು. ನಮಗೆ ಎರಡನೇ ಗಡಿಯಾರ ಒಂದು ಓಡುತ್ತಿರುತ್ತದೆ. ಕೆಲಸ ಬಿಟ್ಟುಹೋದದ್ದನ್ನು ವಿದೇಶಿಯರ ಕಚೇರಿಗೆ ಎರಡು ವಾರದೊಳಗೆ ನಾವೇ ತಿಳಿಸಬೇಕು. ಬ್ಲೂ ಕಾರ್ಡ್ ಬಗ್ಗೆ ಯುರೋಪಿಯನ್ ಒಕ್ಕೂಟ 2021ರಲ್ಲಿ ಮಾಡಿದ ನಿಯಮದ ಪ್ರಕಾರ, ಕಾರ್ಡ್ ಬಂದು ಎರಡು ವರ್ಷ ಆಗದವರಿಗೆ ನಿರುದ್ಯೋಗದ ಕಾಲ ಒಟ್ಟು ಮೂರು ತಿಂಗಳು ದಾಟಿದರೆ ಕಾರ್ಡ್ ಹಿಂದಕ್ಕೆ ಪಡೆಯಬಹುದು. ಎರಡು ವರ್ಷ ಆದವರಿಗೆ ಆರು ತಿಂಗಳು. ಇಲ್ಲೂ ನೋಡಿ, ಹಳಬರಿಗೆ ಹೆಚ್ಚು, ಹೊಸಬರಿಗೆ ಕಡಿಮೆ. ಅಕ್ಕನಿಗೆ ಬಂದ ಉತ್ತರದಲ್ಲಿ ಮೇ ಮಧ್ಯದ ಒಂದು ದಿನಾಂಕ ಇತ್ತು. ಆ ಕಾಗದವನ್ನು ಅವರು ಫ್ರಿಡ್ಜ್ ಬಾಗಿಲಿಗೆ ಅಂಟಿಸಲಿಲ್ಲ, ಬ್ಯಾಗಿನ ಒಳ ಜಿಪ್‌ನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಮನೆಗೆ ಫೋನ್ ಮಾಡಿದಾಗ ಮಾತ್ರ “ಹ್ಞೂಂ ಅಪ್ಪಾಜಿ, ಆಫೀಸ್‌ನಾಗ ಸ್ವಲ್ಪ ಕೆಲಸ ಜಾಸ್ತಿ” ಅನ್ನೋರು.

ಆರನೇ ವಾರದಲ್ಲಿ ಒಂದು ಸಣ್ಣ ಕಂಪನಿ ಕೆಲಸ ಕೊಡುತ್ತೇವೆ ಅಂತು. ಸಂಬಳ ಬ್ಲೂ ಕಾರ್ಡ್‌ಗೆ ಬೇಕಾದ ಮಿತಿಗಿಂತ ಕಡಿಮೆ. 2025ರಲ್ಲಿ ಹೊಸದಾಗಿ ಪದವಿ ಪಡೆದವರಿಗೆ ಆ ಮಿತಿ ವರ್ಷಕ್ಕೆ 43,759.80 ಯೂರೊ. ಕೆಳಗೆ ಹೋದರೆ ಬೇರೆ ಬಗೆಯ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಹೊಸ ಕಾಗದ ಪತ್ರ, ಮತ್ತೆ ಕಾಯುವಿಕೆ. ಕಂಪನಿಗೆ ಅಷ್ಟು ದಿನ ಕಾಯುವ ಮನಸ್ಸಿರಲಿಲ್ಲ. ಸಂಬಳ ಕಡಿಮೆಯಾದರೂ ಸರಿ, ಸದ್ಯಕ್ಕೆ ಸೇರಿಕೊಳ್ತೀನಿ ಅನ್ನೋ ದಾರಿ, ಎಲ್ಲಾ ನಿರುದ್ಯೋಗಿಗಳಿಗೂ ಇರುವ ಸಹಜ ದಾರಿ, ನಮಗೆ ಅಷ್ಟು ಸಲೀಸಲ್ಲ.

ಇನ್ನೊಂದು ವಿಷಯ ನಮ್ಮನ್ನು ಬಹಳ ದಿನ ಕಾಡಿತು. ಕಂಪನಿ ನಷ್ಟದಲ್ಲಿದೆ, ಇಷ್ಟು ಜನರನ್ನು ತೆಗೆಯಲೇಬೇಕು ಅನ್ನೋ ಪರಿಸ್ಥಿತಿ ಬಂದಾಗ, ಯಾರನ್ನು ತೆಗೆಯಬೇಕು ಅಂತ ಮ್ಯಾನೇಜರ್ ತನಗೆ ಇಷ್ಟ ಬಂದ ಹಾಗೆ ತೀರ್ಮಾನಿಸುವಂತಿಲ್ಲ. ಒಂದೇ ಬಗೆಯ ಕೆಲಸ ಮಾಡುವವರ ನಡುವೆ ನಾಲ್ಕು ಅಂಶ ನೋಡಬೇಕು ಅಂತ ಕಾನೂನು ಹೇಳುತ್ತದೆ. ಕಂಪನಿಯಲ್ಲಿ ಎಷ್ಟು ವರ್ಷ ಆಗಿದೆ, ವಯಸ್ಸೆಷ್ಟು, ಸಾಕಬೇಕಾದ ಕುಟುಂಬ ಇದೆಯೇ, ತೀವ್ರ ಅಂಗವೈಕಲ್ಯ ಇದೆಯೇ. ಈ ನಾಲ್ಕರಲ್ಲಿ ಹೆಚ್ಚು ಅಂಕ ಇರುವವರು ಉಳಿಯುತ್ತಾರೆ. ಈಗ ನಮ್ಮ ಅಂಕ ಲೆಕ್ಕ ಹಾಕಿ. ಕೆಲಸಕ್ಕೆ ಸೇರಿ ಒಂದು ವರ್ಷ. ವಯಸ್ಸು ಇಪ್ಪತ್ತಾರು. ಮದುವೆ ಇಲ್ಲ, ಮಕ್ಕಳಿಲ್ಲ. ಊರಲ್ಲಿರುವ ತಂದೆ ತಾಯಿಗೆ ತಿಂಗಳು ತಿಂಗಳು ಕಳಿಸುವ ಹಣ ಇಲ್ಲಿನ ತೆರಿಗೆ ಕಾರ್ಡಿನಲ್ಲಿ ಕಾಣುವುದಿಲ್ಲ. ಹಾಗಾಗಿ ಯಾರಿಗೂ ನಮ್ಮ ಮೇಲೆ ದ್ವೇಷ ಇಲ್ಲದಿದ್ದರೂ, ಎಲ್ಲರೂ ನಿಯಮ ಪ್ರಕಾರವೇ ನಡೆದರೂ, ಪಟ್ಟಿಯ ತುದಿಯಲ್ಲಿ ನಿಲ್ಲುವವರು ನಾವೇ.

ಇದು ಅನ್ಯಾಯ ಅಂತ ಕೂಗಿಬಿಡೋದು ಸುಲಭ. ನಮ್ಮಲ್ಲೊಬ್ಬ ವೆರ್ಕ್‌ಷ್ಟುಡೆಂಟ್ ಆಗಿರುವ ಕಡೆ ಐವತ್ತು ದಾಟಿದ ಟೆಕ್ನೀಷಿಯನ್ ಒಬ್ಬರಿದ್ದಾರೆ. ಲೇತ್ ಮುಂದೆ ಇಪ್ಪತ್ತೈದು ವರ್ಷ ನಿಂತು ಮಂಡಿ ಸವೆದಿದೆ, ಮೂರು ಮಕ್ಕಳು, ಮನೆ ಸಾಲ. ಅವರ ಕೆಲಸ ಹೋದರೆ ಆ ವಯಸ್ಸಿಗೆ ಯಾರು ಕರೆದು ಕೊಡ್ತಾರೆ? ಇಬ್ಬರಲ್ಲಿ ಒಬ್ಬರು ಹೋಗಲೇಬೇಕು ಅಂದರೆ ಅವರು ಉಳಿಯಲಿ ಅನ್ನೋದೇ ಸರಿ ಅಂತ ನಮಗೂ ಅನ್ನಿಸುತ್ತೆ. ಆ ನಾಲ್ಕು ಅಂಶಗಳ ಹಿಂದೆ ಮನುಷ್ಯತ್ವ ಇದೆ. ಅಡುಗೆಮನೆಯಲ್ಲಿ ಎಷ್ಟೋ ರಾತ್ರಿ ಇದೇ ಚರ್ಚೆ ಆಯಿತು. ಕೊನೆಗೆ ನಮಗೆ ತೋಚಿದ್ದು ಇಷ್ಟು. ಅವರ ರಕ್ಷಣೆಯಿಂದ ಕಿತ್ತು ನಮಗೆ ಕೊಡಬೇಕಾಗಿಲ್ಲ. ಅವರಿಗೆ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತೆ. ನಮಗೆ ಕೆಲಸದ ಜೊತೆಗೆ ಇಲ್ಲಿರುವ ಹಕ್ಕೂ ಹೋಗುತ್ತೆ. ಈ ಎರಡನೆಯದನ್ನು ಮೊದಲನೆಯದರಿಂದ ಬಿಡಿಸುವುದರಲ್ಲಿ ಆ ಟೆಕ್ನೀಷಿಯನ್‌ಗೆ ಒಂದು ಪೈಸೆ ನಷ್ಟವಿಲ್ಲ. ಲಾಭವೇ ಇದೆ ಅನ್ನಬಹುದು. ಪರ್ಮಿಟ್ ಹೋಗುವ ಭಯ ಇರುವವನು ಓವರ್‌ಟೈಮ್ ಲೆಕ್ಕ ಕೇಳಲ್ಲ, ಸುರಕ್ಷತೆ ಬಗ್ಗೆ ದೂರು ಕೊಡಲ್ಲ. ಪಕ್ಕದವನು ಬಾಯಿ ಮುಚ್ಚಿಕೊಂಡು ದುಡಿದರೆ ಅಲ್ಲಿರುವ ಎಲ್ಲರ ಮಾತಿಗೂ ಬೆಲೆ ಕಡಿಮೆ ಆಗುತ್ತೆ.

ಈ ಮಾತು ಈಗ ಯಾಕೆ ಅಂದರೆ, ದಕ್ಷಿಣ ಜರ್ಮನಿಯಲ್ಲಿ ಮೆಕ್ಯಾನಿಕಲ್, ಆಟೊಮೋಟಿವ್, ಎಲೆಕ್ಟ್ರಿಕಲ್ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರೆಲ್ಲ ಸೇರಬೇಕೆಂದುಕೊಂಡಿರುವ ಉದ್ಯಮದ ಗಾಳಿಯೇ ಬದಲಾಗಿದೆ. 2024ರ ಜುಲೈನಲ್ಲಿ ಜೆಡ್‌ಎಫ್ ಕಂಪನಿ 2028ರ ಒಳಗೆ ಜರ್ಮನಿಯಲ್ಲಿ 11,000ದಿಂದ 14,000 ಹುದ್ದೆ ಕಡಿತ ಮಾಡುವುದಾಗಿ ಹೇಳಿತು. ಅದೇ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಕಾರ್ಮಿಕ ಸಂಘದ ನಡುವೆ ಒಪ್ಪಂದವಾಗಿ, 2030ರ ಹೊತ್ತಿಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆಯಾಗಲಿವೆ ಅಂತ ತೀರ್ಮಾನವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಾಷ್ ಸುಮಾರು 13,000 ಹುದ್ದೆಗಳ ಕಡಿತ ಪ್ರಕಟಿಸಿತು. ಬೆಂಗಳೂರಿನವರಿಗೆ ಬಾಷ್ ಅಂದರೆ ಮೈಕೋ, ಆಡುಗೋಡಿಯ ಕಾರ್ಖಾನೆ. ಅಲ್ಲಿ ಒಂದು ಬಡಾವಣೆಯೇ ಆ ಹೆಸರಿನಲ್ಲಿದೆ. ಫೋಕ್ಸ್‌ವ್ಯಾಗನ್ ಒಪ್ಪಂದದಲ್ಲಿ ಯಾರನ್ನೂ ಬಲವಂತವಾಗಿ ವಜಾ ಮಾಡುವುದಿಲ್ಲ ಅಂತಿದೆ, ನಿವೃತ್ತಿ, ಸ್ವಯಂ ನಿರ್ಗಮನ ಹೀಗೆ ಮೆಲ್ಲಗೆ ಕಡಿಮೆ ಮಾಡುತ್ತಾರಂತೆ. ಒಳಗಿರುವವರಿಗೆ ಅದು ದೊಡ್ಡ ನೆಮ್ಮದಿ, ಹೋರಾಡಿ ಪಡೆದದ್ದು. ಆದರೆ ಹುದ್ದೆ ಖಾಲಿಯಾದರೂ ತುಂಬಿಕೊಳ್ಳುವುದಿಲ್ಲ ಅಂದ ಮೇಲೆ ಬಾಗಿಲ ಹೊರಗೆ ರೆಸ್ಯೂಮೆ ಹಿಡಿದು ನಿಂತವರಿಗೆ ಅದರ ಅರ್ಥ ಬೇರೆ.

ಬೇರೆ ದೇಶಗಳಲ್ಲಿರುವ ನಮ್ಮ ಬ್ಯಾಚ್‌ಮೇಟ್‌ಗಳ ಪಾಡೇನು ಅಂತಲೂ ವಿಚಾರಿಸಿದೆವು. ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ಅಮೆರಿಕದಲ್ಲಿದ್ದಾರೆ. ಅಲ್ಲಿ ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಗರಿಷ್ಠ 60 ದಿನ. 2017ಕ್ಕೆ ಮುಂಚೆ ಆ 60 ದಿನವೂ ನಿಯಮದಲ್ಲಿ ಇರಲಿಲ್ಲ. ಓದು ಮುಗಿಸಿ ಓಪಿಟಿ ಮೇಲೆ ಇರುವವರಿಗೆ ಎಲ್ಲಾ ಸೇರಿ 90 ದಿನದ ನಿರುದ್ಯೋಗ ಮಾತ್ರ ನಡೆಯುತ್ತೆ, ಸ್ಟೆಮ್ ವಿಸ್ತರಣೆ ಸಿಕ್ಕರೆ ಇನ್ನೊಂದು 60. ಪುತ್ತೂರಿನವನ ಅಣ್ಣ ದುಬೈನಲ್ಲಿದ್ದಾನೆ. ಅಲ್ಲಿ 2023ರ ಜನವರಿಯಿಂದ ಉದ್ಯೋಗ ನಷ್ಟದ ವಿಮೆ ಬಂದಿದೆ. ಮೂಲ ವೇತನ 16,000 ದಿರ್ಹಮ್‌ವರೆಗೆ ಇರುವವರು ತಿಂಗಳಿಗೆ 5 ದಿರ್ಹಮ್ ಕಟ್ಟಿದರೆ, ಕೆಲಸ ಹೋದಾಗ ಮೂಲ ವೇತನದ 60 ಶೇಕಡಾ ಮೂರು ತಿಂಗಳವರೆಗೆ ಸಿಗುತ್ತೆ. ಒಂದು ಚಹಾದ ದುಡ್ಡಿನಲ್ಲಿ ಮೂರು ತಿಂಗಳ ಉಸಿರು ಅನ್ನೋದು ಸಣ್ಣ ಮಾತಲ್ಲ. ಆದರೆ ಅದಕ್ಕೂ ಮೊದಲು 12 ತಿಂಗಳು ಕಟ್ಟಿರಬೇಕು. ಮನೆಗೆಲಸದವರು ಆ ಯೋಜನೆಯ ಹೊರಗೆ. ಹೋಲಿಸಿ ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು. ಪರದೇಶದಲ್ಲಿ ದುಡಿಯುವವರಿಗೆ ಹಣ ಬೇಕು, ಮುನ್ಸೂಚನೆ ಬೇಕು, ಇವೆರಡಕ್ಕಿಂತ ಮುಖ್ಯವಾಗಿ ಸಮಯ ಬೇಕು. ಒಂದೊಂದು ದೇಶ ಒಂದೊಂದನ್ನು ಅಷ್ಟಿಷ್ಟು ಕೊಡುತ್ತದೆ. ಮೂರನ್ನೂ ಹೊಸಬರಿಗೆ, ಮೊದಲ ವರ್ಷದಲ್ಲೇ ಕೊಡುವ ವ್ಯವಸ್ಥೆ ಈ ಮೂರು ಕಡೆಯೂ ನಮಗೆ ಕಾಣಲಿಲ್ಲ.

ಇನ್ನು ತಿಳಿವಳಿಕೆಯ ವಿಷಯ. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಬೇಕಾದವರಿಗೆ ಬೇಕಾದ ದಿನ ಗೊತ್ತಿರಬೇಕು. ಇದಕ್ಕೆ ಇಲ್ಲಿನ ಇತಿಹಾಸದಲ್ಲೇ ಒಂದು ಕಥೆ ಇದೆ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಜನ ಸಾಲದೆ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ, ಹೀಗೆ ಹಲವು ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡು ‘ಅತಿಥಿ ಕಾರ್ಮಿಕ’ರನ್ನು ಕರೆಸಿತು. 1964ರ ಸೆಪ್ಟೆಂಬರ್ 10ರಂದು ಕಲೋನ್‌ನ ರೈಲು ನಿಲ್ದಾಣದಲ್ಲಿ ಪೋರ್ಚುಗಲ್‌ನ ಅರ್ಮಾಂಡೊ ರೊಡ್ರಿಗೆಸ್ ಡಿ ಸಾ ಎಂಬ ಬಡಗಿಯನ್ನು ಹತ್ತು ಲಕ್ಷದ ಅತಿಥಿ ಕಾರ್ಮಿಕ ಎಂದು ಬ್ಯಾಂಡ್ ಬಾರಿಸಿ ಸ್ವಾಗತಿಸಿದರು, ಹೂಗುಚ್ಛದ ಜೊತೆ ಒಂದು ಮೊಪೆಡ್ ಉಡುಗೊರೆ ಕೊಟ್ಟರು. ಆ ಫೋಟೊ ಇಲ್ಲಿನ ಶಾಲಾ ಪುಸ್ತಕಗಳಲ್ಲಿದೆ, ಮೊಪೆಡ್ ಬಾನ್‌ನ ವಸ್ತುಸಂಗ್ರಹಾಲಯದಲ್ಲಿದೆ. ಕೆಲವು ವರ್ಷದ ಮೇಲೆ ಅವರು ಕಾಯಿಲೆ ಬಿದ್ದು ಊರಿಗೆ ಮರಳಿದರು, ಕೂಡಿಟ್ಟ ಹಣವೆಲ್ಲ ಚಿಕಿತ್ಸೆಗೆ ಕರಗಿತು, 1979ರಲ್ಲಿ ತೀರಿಕೊಂಡರು. ತಾವು ದುಡಿದ ದೇಶದ ವಿಮೆಯಿಂದ ನೆರವು ಪಡೆಯುವ ಹಕ್ಕು ತಮಗಿತ್ತು ಅನ್ನೋದು ಅವರಿಗೆ ಯಾರೂ ತಿಳಿಸಿರಲಿಲ್ಲವಂತೆ. ಮೊಪೆಡ್ ಕೊಡುವ ಹೊತ್ತಿಗೆ ಅವರ ಭಾಷೆಯಲ್ಲಿ ಒಂದು ಪುಟದ ಮಾಹಿತಿ ಕೊಟ್ಟಿದ್ದರೆ ಆ ಕಥೆಯ ಕೊನೆ ಬೇರೆ ಇರುತ್ತಿತ್ತೋ ಏನೋ.

ಇವತ್ತು ಪರಿಸ್ಥಿತಿ ಎಷ್ಟೋ ಮೇಲು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದ ಕೆಲಸಗಾರರಿಗೆ ಕಾರ್ಮಿಕ ಕಾನೂನಿನ ಬಗ್ಗೆ ಉಚಿತವಾಗಿ ಸಲಹೆ ಕೊಡುವ ‘ಫೇರ್ ಇಂಟೆಗ್ರಾಟ್ಸಿಯೋನ್’ ಅನ್ನೋ ವ್ಯವಸ್ಥೆ ಎಲ್ಲಾ ರಾಜ್ಯಗಳಲ್ಲೂ ಇದೆ. ಅಕ್ಕನಿಗೆ ನಿಜವಾಗಿ ಧೈರ್ಯ ಬಂದದ್ದು ಅಲ್ಲಿ ಮಾತಾಡಿದ ಮೇಲೆ. ಕೋರ್ಟಿಗೆ ಹೋದರೆ ಈ ಪ್ರಕರಣದಲ್ಲಿ ಹೆಚ್ಚು ಪ್ರಯೋಜನವಿಲ್ಲ ಅಂತ ಸಲಹೆಗಾರ್ತಿ ಮುಚ್ಚುಮರೆ ಇಲ್ಲದೆ ಹೇಳಿ, ಯಾವ ಕಾಗದ ಎಲ್ಲಿಗೆ ಯಾವಾಗ ಹೋಗಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರು. 2026ರ ಜನವರಿ 1ರಿಂದ, ಹೊರದೇಶದಿಂದ ನೇರವಾಗಿ ನೇಮಿಸಿಕೊಳ್ಳುವ ನೌಕರರಿಗೆ ಇಂಥ ಸಲಹೆ ಸಿಗುತ್ತದೆ ಅಂತ ಕೆಲಸದ ಮೊದಲ ದಿನದೊಳಗೆ ತಿಳಿಸುವುದು ಕಂಪನಿಗಳಿಗೆ ಕಡ್ಡಾಯ ಆಗಿದೆ. ಒಳ್ಳೆಯ ಹೆಜ್ಜೆ. ಆದರೆ ಇಲ್ಲೇ ಓದಿ, ಇಲ್ಲಿಂದಲೇ ಕೆಲಸಕ್ಕೆ ಸೇರುವ ನಮ್ಮಂಥವರು ಆ ನಿಯಮದೊಳಗೆ ಬರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಅಂತ ಹೇಳೋದಾದರೆ ಮೂರೇ. ವೆರ್ಕ್‌ಷ್ಟುಡೆಂಟ್ ಆಗಿ ದುಡಿಯುವವರು ಬಯಸಿದರೆ ನಿರುದ್ಯೋಗ ವಿಮೆ ಕಟ್ಟಲು ಅವಕಾಶ ಇರಲಿ, ಆ ತಿಂಗಳುಗಳು ಮುಂದೆ ಲೆಕ್ಕಕ್ಕೆ ಬರಲಿ. ಎರಡು ವರ್ಷ ಆದವರಿಗೆ ಕೊಡುವ ಆರು ತಿಂಗಳ ಕಾಲಾವಕಾಶ ಮೊದಲ ದಿನದಿಂದಲೇ ಎಲ್ಲರಿಗೂ ಸಿಗಲಿ. ಒಂದು ಕೆಲಸಕ್ಕೆ ಅರ್ಜಿ, ಮೂರು ಸುತ್ತಿನ ಸಂದರ್ಶನ, ಒಪ್ಪಂದ, ಎಲ್ಲಾ ಸೇರಿ ಮೂರು ತಿಂಗಳು ಹಿಡಿಯೋದು ಇಲ್ಲಿ ಮಾಮೂಲು. ಮೂರನೆಯದು, ರೆಸಿಡೆನ್ಸ್ ಕಾರ್ಡ್ ಕೈಗೆ ಕೊಡುವಾಗ ಅದರ ಜೊತೆ ‘ಕೆಲಸ ಹೋದರೆ ಏನು ಮಾಡಬೇಕು’ ಅನ್ನೋ ಒಂದು ಹಾಳೆಯನ್ನೂ ಕೊಡಲಿ.

ಸರ್ಕಾರ ಮಾಡುವವರೆಗೆ ಕಾಯುವುದು ಬೇಡ ಅಂತ ಆ ಹಾಳೆಯನ್ನು ನಾವೇ ಕನ್ನಡದಲ್ಲಿ ತಯಾರು ಮಾಡಿದ್ದೇವೆ. ಅದರ ಸಾರ ಇಲ್ಲಿದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಒಂದು, ಪತ್ರ ಬಂದ ದಿನಾಂಕ ಬರೆದಿಟ್ಟುಕೊಳ್ಳಿ. ನೋಟಿಸ್ ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಅಂತ ನೋಂದಾಯಿಸಿ, ಆನ್‌ಲೈನ್‌ನಲ್ಲೇ ಆಗುತ್ತೆ. ಎರಡು, ಕೆಲಸ ಮುಗಿಯುತ್ತಿರುವುದನ್ನು ವಿದೇಶಿಯರ ಕಚೇರಿಗೆ ತಿಳಿಸಲು ಎರಡು ವಾರ. ಮೂರು, ಕೋರ್ಟಿಗೆ ಹೋಗುವುದಾದರೆ ಮೂರು ವಾರ, ಒಂದು ದಿನವೂ ತಡವಾಗಬಾರದು. ನಾಲ್ಕು, “ನಾವಿಬ್ಬರೂ ಒಪ್ಪಿ ಬಿಡೋಣ” ಅಂತ ಒಂದು ಒಪ್ಪಂದ ಮುಂದಿಟ್ಟು ಸಹಿ ಕೇಳಿದರೆ ಅಲ್ಲೇ ಹಾಕಬೇಡಿ, ಮನೆಗೆ ತಂದು ಸಲಹೆ ತಗೊಳ್ಳಿ. ಹಾಗೆ ಸಹಿ ಹಾಕಿದರೆ ಅಥವಾ ತಾವಾಗಿಯೇ ರಾಜೀನಾಮೆ ಕೊಟ್ಟರೆ 12 ವಾರದವರೆಗೆ ಭತ್ಯೆ ನಿಲ್ಲಬಹುದು. ಐದು, ಓದುತ್ತಿರುವಾಗಲೇ ಕಾರ್ಮಿಕ ಸಂಘಕ್ಕೆ ಸೇರಬಹುದು, ಐಗೆ ಮೆಟಾಲ್‌ನಲ್ಲಿ ವಿದ್ಯಾರ್ಥಿಗಳಿಗೆ ತಿಂಗಳಿಗೆ ಎರಡು ಯೂರೊ ಚಿಲ್ಲರೆ. ಆರು, ಮೊದಲ ಸಂಬಳದಿಂದಲೇ ಮೂರು ತಿಂಗಳ ಖರ್ಚಿನಷ್ಟು ಹಣವನ್ನು ಮುಟ್ಟದ ಹಾಗೆ ಎತ್ತಿಡಲು ಶುರುಮಾಡಿ. ಸಾಲ ಬೇಗ ತೀರಿಸೋದಕ್ಕಿಂತ ಇದು ಮುಂಚೆ. ಏಳು, ಯಾರಿಗಾದರೂ ಹೇಳಿ.

ಈ ಏಳನೆಯದು ಎಲ್ಲಕ್ಕಿಂತ ಕಷ್ಟ. ನಮ್ಮಲ್ಲಿ ಕೆಲಸ ಹೋಯಿತು ಅಂದರೆ ಏನೋ ತಪ್ಪು ಮಾಡಿರಬೇಕು ಅನ್ನೋ ಭಾವನೆ ಬೇರೂರಿದೆ. ಹಬ್ಬದ ಊಟಕ್ಕೆ ಬರಲ್ಲ, ಗ್ರೂಪಿನಲ್ಲಿ ಮೆಸೇಜ್ ಇಲ್ಲ, ಲಿಂಕ್ಡ್‌ಇನ್‌ನಲ್ಲಿ ಹಳೇ ಕಂಪನಿ ಹೆಸರೇ ಇರುತ್ತೆ. ಅಕ್ಕ ನಾಲ್ಕು ಸಾಲಿನ ಆ ಪತ್ರವನ್ನು ನಮ್ಮ ಮೇಜಿನ ಮೇಲೆ ಇಡದೇ ಹೋಗಿದ್ದರೆ ಮೂರು ದಿನದ ಗಡುವು ನಮಗೂ ಗೊತ್ತಾಗುತ್ತಿರಲಿಲ್ಲ, ಅವರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನು ಮುಂದೆ ನಮ್ಮ ಸಂಘದಲ್ಲಿ ಪ್ರತಿ ಸೆಮಿಸ್ಟರ್ ಒಂದು ಶನಿವಾರ ಈ ಬಗ್ಗೆ ಮಾತಾಡಲು ತೀರ್ಮಾನ ಆಗಿದೆ. ಕಾಫಿ ಇರುತ್ತೆ, ಪೇ ಸ್ಲಿಪ್ ತನ್ನಿ.

ಅಕ್ಕನಿಗೆ ಹನ್ನೊಂದನೇ ವಾರದಲ್ಲಿ, ರೈಲಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಮೇ 1ಕ್ಕೆ ಒಪ್ಪಂದ ಶುರು. ಅಲ್ಲಿ ಮತ್ತೆ ಮೊದಲ ದಿನದಿಂದ ಪ್ರೊಬೇಷನ್, ಮತ್ತೆ ಎರಡು ವಾರದ ನೋಟಿಸ್, ಎಣಿಕೆ ಪುನಃ ಒಂದರಿಂದ. ಊರಿನಲ್ಲಿ ಅಪ್ಪಾಜಿಗೆ ವಿಷಯ ಹೇಳಿದ್ದು ಹೊಸ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ. “ಮೊದಲೇ ಹೇಳಿದ್ರೆ ನಾನೇನು ಬೈತಿದ್ನೇನವ್ವಾ” ಅಂದರಂತೆ. ಅಕ್ಟೋಬರ್ 31ಕ್ಕೆ ಅವರ ಆರು ತಿಂಗಳು ಮುಗಿಯುತ್ತದೆ. ಈ ಸಂಚಿಕೆ ನಿಮ್ಮ ಕೈ ಸೇರೋದು ರಾಜ್ಯೋತ್ಸವದ ದಿನ. ಕಾರ್ಯಕ್ರಮಕ್ಕೆ ಅಕ್ಕನೂ ಬರ್ತಾರೆ. ಸಭಾಂಗಣದ ಬಾಗಿಲಲ್ಲಿ ಆ ಹಾಳೆಯ ಪ್ರತಿಗಳನ್ನು ಹಂಚುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ. ನಿಮ್ಮದೊಂದು ತಪ್ಪದೆ ತಗೊಳ್ಳಿ, ಇವತ್ತು ಬರದೇ ಇರುವ ಗೆಳೆಯರಿಗೂ ಒಂದು ತಗೊಂಡು ಹೋಗಿ.